ಕೊಟ್ರಮ್ಮನ ಮನೆಯ ಮೊಸರು

ನಮ್ಮೂರಿನಲ್ಲಿ ಮನಸ್ಸು ಮುರಿದವರ ಕೈಯಲ್ಲಿ ಹಾಲು ಹೆಪ್ಪಾಗುವುದಿಲ್ಲ. ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಮೊಸರು ಬಿಟ್ಟು ಮುಚ್ಚಿಟ್ಟರೆ ಬೆಳಿಗ್ಗೆ ಹಾಲು ಹಾಲಾಗಿಯೇ ಇರುತ್ತದೆ. ಒಡೆಯುವುದೂ ಇಲ್ಲ, ಹುಳಿಯಾಗುವುದೂ ಇಲ್ಲ. ಎಮ್ಮೆಯದೋ ಹಸುವಿನದೋ, ಚಳಿಯೋ ಬಿಸಿಲೋ, ಅದೆಲ್ಲ ಲೆಕ್ಕಕ್ಕಿಲ್ಲ. ಹೆಪ್ಪು ಹಾಕಿದ ಕೈ ಯಾರದು, ಆ ಕೈಯವರ ಮನಸ್ಸು ಹೇಗಿದೆ, ಅಷ್ಟೇ. ನಾನು ಹುಟ್ಟುವ ಮೊದಲಿನಿಂದಲೂ ಹೀಗೆಯೇ. ಹೊರಗಿನವರು ಕೇಳಿದರೆ ನಗುತ್ತಾರೆ. ನಗಲಿ. ಅವರ ಊರುಗಳಲ್ಲಿ ಪಕ್ಕದ ಮನೆಯವರು ಒಳಗೊಳಗೇ ಕುಗ್ಗಿ ಹೋಗುತ್ತಿರುವುದು ಬಾಗಿಲು ಒಡೆಯುವ ದಿನದವರೆಗೂ ಯಾರಿಗೂ ತಿಳಿಯುವುದಿಲ್ಲವಂತೆ.

ಇಲ್ಲಿ ತಿಳಿಯುತ್ತದೆ. ತಿಳಿಯುವುದರಿಂದ ಕೆಲವು ನಡವಳಿಕೆಗಳೂ ಬಂದಿವೆ. ಹೆಣ್ಣು ನೋಡಲು ಬಂದವರಿಗೆ ಹುಡುಗಿ ತಾನೇ ಹೆಪ್ಪು ಹಾಕಿದ ಮೊಸರನ್ನು ಕಡೆದು ಮಜ್ಜಿಗೆ ಕೊಡಬೇಕು. ಹುಡುಗನೂ ತನ್ನ ಕೈಯದೊಂದು ಬಟ್ಟಲು ತರಬೇಕು. ಹೋಟೆಲಿನ ಹಲಗೆಯ ಮೇಲೆ ‘ಮೊಸರು ವಡೆ ಇಲ್ಲ’ ಎಂದು ಬರೆದಿದ್ದರೆ ಆ ದಿನ ಯಾರೂ ಚಟ್ನಿ ಸಪ್ಪೆ ಎಂದು ತಗಾದೆ ತೆಗೆಯುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಬಟ್ಟಲಿನ ನಡವಳಿಕೆ. ಯಾರ ಮನೆಯಲ್ಲಿ ಹಾಲು ಹೆಪ್ಪಾಗುತ್ತಿಲ್ಲವೋ ಅವರ ಹೊಸಿಲ ಪಕ್ಕದಲ್ಲಿ ಬೆಳಿಗ್ಗೆ ಒಂದು ಬಟ್ಟಲು ಮೊಸರು ಬಂದು ಕೂತಿರುತ್ತದೆ. ಯಾರು ಇಟ್ಟರು ಎಂದು ಕೇಳುವಂತಿಲ್ಲ, ನಾನೇ ಇಟ್ಟೆ ಎಂದು ಹೇಳುವಂತಿಲ್ಲ. ಉಂಡು, ತೊಳೆದು, ಅದೇ ಜಾಗದಲ್ಲಿ ಬೋರಲು ಹಾಕಿದರೆ ಇಟ್ಟವರು ಬಂದು ಒಯ್ಯುತ್ತಾರೆ. ಬಾಯಿಬಿಟ್ಟರೆ ಇಟ್ಟವರ ಪುಣ್ಯವೂ ಹೋಯಿತು, ಉಂಡವರ ಮಾನವೂ ಹೋಯಿತು. ಜಗಳಗಂಟರಾದ ನಮ್ಮೂರಿನವರು ಬಾಯಿ ಮುಚ್ಚಿಕೊಂಡಿರುವುದು ಇದೊಂದೇ ವಿಷಯದಲ್ಲಿ.

ನನ್ನದು ಹಿಟ್ಟಿನ ಗಿರಣಿ. ಗಿರಣಿಯ ಸದ್ದಿನಲ್ಲಿ ಗುಟ್ಟನ್ನೂ ಕಿರುಚಿಯೇ ಹೇಳಬೇಕು. ಬೆಲ್ಟು ನಿಂತ ಮೇಲೂ ಅದೇ ದನಿಯಲ್ಲಿ ಕಿರುಚುತ್ತಿರುವವರಿದ್ದಾರೆ. ಹೀಗಾಗಿ ಊರಿನ ಯಾವ ಮನೆಯ ಕಷ್ಟವೂ ನನ್ನ ಕಿವಿಯಿಂದ ತಪ್ಪಿಸಿಕೊಂಡಿರಲಿಲ್ಲ. ತಪ್ಪಿಸಿಕೊಂಡದ್ದು ನನ್ನ ಮನೆಯದೇ. ಗಿರಣಿಯ ಹಿಂದೆಯೇ ಮನೆ. ಮಗಳನ್ನು ಕೊಟ್ಟ ಕಡೆ ಅವಳು ಸುಖವಾಗಿದ್ದಳು, ಜೋಳ ಗೋಧಿ ಹೊತ್ತು ಬರುವವರಿಗೆ ಕೊರತೆ ಇರಲಿಲ್ಲ, ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ದಾಕ್ಷಾಯಿಣಿ, ಇಬ್ಬರೇ. ಒಂದು ಬೆಳಿಗ್ಗೆ ಅವಳು ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ರೊಟ್ಟಿ ತಟ್ಟಲು ಕೂತಳು. ಆ ದಿನ ಮಜ್ಜಿಗೆ ಇಲ್ಲದೆ ಉಂಡೆವು. ಮಾರನೆಯ ದಿನವೂ ಹಾಗೆಯೇ ಆಯಿತು.

ಸಾವು ನೋವು ಆದ ಮನೆಯಲ್ಲಿ ಹಾಲು ಹೆಪ್ಪಾಗದಿದ್ದರೆ ಊರು ಅರ್ಥ ಮಾಡಿಕೊಳ್ಳುತ್ತದೆ, ಬಟ್ಟಲು ಇಡುತ್ತದೆ, ಕಾಯುತ್ತದೆ. ಕಾರಣವೇ ಇಲ್ಲದಿದ್ದರೆ ಊರಿಗೆ ತಳಮಳ. ಮೊದಲು ಎಲ್ಲರೂ ಗಂಡನ ಮುಖ ನೋಡುತ್ತಾರೆ. ನನ್ನ ಮುಖವನ್ನೂ ನೋಡಿದರು. ಅಲ್ಲಿ ಹಿಟ್ಟಿನ ಧೂಳು ಬಿಟ್ಟು ಬೇರೇನೂ ಸಿಗದಿದ್ದಾಗ ಅವಳನ್ನೇ ಹಿಡಿದುಕೊಂಡರು. “ನಿನಗೇನೇ ಕಮ್ಮಿ ಆಗೈತೆ?” ಎಂದು ಕೇಳದ ಹೆಂಗಸಿರಲಿಲ್ಲ. “ಏನೂ ಇಲ್ಲಕ್ಕ, ಸುಮ್ನೆ ಭಾರ ಆಗ್ತೈತೆ” ಎನ್ನುತ್ತಿದ್ದಳು. ಬರಬರುತ್ತ ಅಷ್ಟನ್ನೂ ಹೇಳುವುದು ಬಿಟ್ಟಳು. ಸ್ನಾನಕ್ಕೆ ನೀರು ಕಾದು ತಣ್ಣಗಾದರೂ ಏಳುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಮೊಸರನ್ನು ನಾನೇ ಹೆಪ್ಪು ಹಾಕಿಕೊಳ್ಳುತ್ತಿದ್ದೆ. ನನ್ನ ಕೈಯಲ್ಲಿ ಆಗ ಆಗುತ್ತಿತ್ತು. ಪೇಟೆಯ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಒಂದಾದ ಮೇಲೊಂದು ಮಾತ್ರೆ ಬದಲಾಯಿಸಿ ನೋಡಿದರು. ಒಂದರಿಂದ ಬರೀ ನಿದ್ದೆ, ಇನ್ನೊಂದರಿಂದ ಕೈ ನಡುಕ. ಹಾಲು ಮಾತ್ರ ಹಾಲಾಗಿಯೇ ಇತ್ತು.

ಒಂದು ಮಧ್ಯಾಹ್ನ ಊಟಕ್ಕೆ ಒಳಗೆ ಬಂದಾಗ ಅವಳು ಹಿತ್ತಲ ಬಾವಿಯ ಕಟ್ಟೆಗೆ ಒರಗಿ ಒಳಗೆ ನೋಡುತ್ತ ನಿಂತಿದ್ದಳು. ಕೊಡ ಇರಲಿಲ್ಲ, ಹಗ್ಗ ಇರಲಿಲ್ಲ. ನಾನು ಕರೆದೆ, ಬಂದಳು, ಬಡಿಸಿದಳು. ಮಾರನೆಯ ದಿನವೇ ಕಮ್ಮಾರನನ್ನು ಕರೆಸಿ ಬಾವಿಗೆ ಕಬ್ಬಿಣದ ಜಾಲರಿ ಹೊದಿಸಿ ಬೀಗ ಹಾಕಿಸಿದೆ. ದಾಕ್ಷಾಯಿಣಿ ಬಾಗಿಲಲ್ಲಿ ನಿಂತು ನೋಡಿದಳು.

“ಇದ್ಯಾಕ್ರಿ?” ಎಂದು ಕೇಳಿದಳು.

“ಬೆಕ್ಕು ಬೀಳ್ತಾವೆ.”

“ನಮ್ಮ ಬೀದೀಲಿ ಬೆಕ್ಕೇ ಇಲ್ವಲ್ರಿ” ಎಂದಳು. ನಾನು ಗಿರಣಿಗೆ ಹೋಗಿ ಬೆಲ್ಟು ಹಾಕಿದೆ. ಕಾಳು ಇರಲಿಲ್ಲ, ಬರೀ ಕಲ್ಲು ತಿರುಗಿತು.

ಅಂಥ ಹೊತ್ತಿಗೆ ಡಾಕ್ಟರ್ ಮಂದಾಕಿನಿ ನಮ್ಮೂರಿಗೆ ಬಂದರು. ವಯಸ್ಸು ಚಿಕ್ಕದು, ಮುಖ ಗಂಭೀರ. ಮನಸ್ಸಿನ ಭಾರಕ್ಕೆ ಹೊಸದಾಗಿ ಕಂಡುಹಿಡಿದ ಒಂದು ಮಾತ್ರೆ ಇದೆ, ಇನ್ನೂ ಅಂಗಡಿಗೆ ಬಂದಿಲ್ಲ, ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕು ಎಂದರು. ಗಿರಣಿಯ ಬೆಂಚಿನ ಮೇಲೆ ಕೂತು, ಸೀರೆಗೆ ಹಿಟ್ಟು ಹತ್ತುವುದನ್ನೂ ಲೆಕ್ಕಿಸದೆ ಹೇಳಿದರು: “ಬೇರೆ ಊರುಗಳಲ್ಲಿ ನಾವು ಜನರನ್ನ ಕೇಳಬೇಕು, ಇವತ್ತು ಹೇಗಿದೆ ಮನಸ್ಸು ಅಂತ. ನಾಚಿಕೆಗೆ ಚೆನ್ನಾಗಿದೆ ಅಂತಾರೆ, ಇಲ್ಲ ನಮ್ಮನ್ನ ಖುಷಿಪಡಿಸೋಕೆ ಹೇಳ್ತಾರೆ. ಇಲ್ಲಿ ಬಟ್ಟಲು ನೋಡಿದರೆ ಸಾಕು. ಹಾಲು ಸುಳ್ಳು ಹೇಳಲ್ಲ.”

ಮಾತ್ರೆ ಎರಡು ಥರದ್ದು. ಅರ್ಧ ಜನಕ್ಕೆ ಅಸಲಿ, ಇನ್ನರ್ಧ ಜನಕ್ಕೆ ನೋಡಲು ಥೇಟ್ ಹಾಗೆಯೇ ಇರುವ, ಒಳಗೆ ಔಷಧಿಯೇ ಇಲ್ಲದ ಸಪ್ಪೆ ಮಾತ್ರೆ. ಯಾರಿಗೆ ಯಾವುದು ಎಂಬುದು ಅವರಿಗೂ ಗೊತ್ತಿಲ್ಲವಂತೆ. ಪೊಟ್ಟಣಗಳನ್ನು ಬೇರೆ ಕಡೆ ಕಟ್ಟಿ, ಗುರುತು ಮುಚ್ಚಿ ಕಳಿಸಿದ್ದರಂತೆ. ನನಗೆ ರೇಗಿತು. “ಬಾಯಾರಿದೋರಿಗೆ ಖಾಲಿ ಲೋಟ ಕೊಟ್ಟು ಕುಡೀರಿ ಅನ್ನೋದು ಯಾವ ನ್ಯಾಯ ಮೇಡಂ?” ಎಂದೆ.

“ಖಾಲಿ ಇರಬಹುದು ಅಂತ ಮೊದಲೇ ಹೇಳಿ, ಒಪ್ಪಿದವರಿಗೆ ಮಾತ್ರ ಕೊಡ್ತೀವಿ” ಎಂದರು ಅವರು. “ಸಪ್ಪೆ ಮಾತ್ರೆಯವರಲ್ಲೂ ಕೆಲವರು ಚೇತರಿಸಿಕೊಳ್ತಾರೆ, ರುದ್ರೇಶಪ್ಪನವರೇ. ಅಸಲಿ ಅದಕ್ಕಿಂತ ಹೆಚ್ಚು ಮಾಡಿದರೆ ಮಾತ್ರ ಅದು ಔಷಧಿ. ಇಲ್ಲದಿದ್ದರೆ ಜನಕ್ಕೆ ಕೊಡಬಾರದು.”

ದಾಕ್ಷಾಯಿಣಿ ಒಪ್ಪಿದಳು. ಒಪ್ಪಿದಳೆನ್ನುವುದಕ್ಕಿಂತ ಬೇಡವೆನ್ನಲು ಅವಳಲ್ಲಿ ತ್ರಾಣ ಇರಲಿಲ್ಲ. ಎದುರುಮನೆಯ ಕೊಟ್ರಮ್ಮನೂ ಸೇರಿದಳು. ಕೊಟ್ರಮ್ಮ ಒಂಟಿ ಹೆಂಗಸು, ನನಗಿಂತ ಹಿರಿಯಳು, ಹಾಸಿಗೆ ದಿಂಬು ಹೊಲಿಯುತ್ತಾಳೆ. ಜೊತೆಗಿದ್ದ ತಂಗಿ ತೀರಿಕೊಂಡ ಮೇಲೆ ಅವಳ ಮನೆಯಲ್ಲಿ ಹಾಲು ಹೆಪ್ಪಾದದ್ದನ್ನು ಬೀದಿಯವರು ಕಂಡಿರಲಿಲ್ಲ. ಸೇರಿದವರಿಗೆಲ್ಲ ಒಂದೇ ಅಳತೆಯ ಸ್ಟೀಲ್ ಬಟ್ಟಲು ಕೊಟ್ಟರು. ಅವರವರ ಕೈಯಾರೆ ಹೆಪ್ಪು ಹಾಕಬೇಕು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ನರ್ಸು ಬಂದು ಮುಚ್ಚಳ ತೆಗೆದು, ಬಟ್ಟಲನ್ನು ಓರೆ ಮಾಡಿ ನೋಡುತ್ತಾಳೆ. ಅದೊಂದು ನಮ್ಮೂರಿಗೆ ಹಿಡಿಸಲಿಲ್ಲ. ಹೆಪ್ಪಾಗದ ಹಾಲು ಎಲ್ಲರಿಗೂ ತಿಳಿದಿರುವ ಸಂಗತಿ, ನಿಜ. ಆದರೆ ನಮ್ಮಲ್ಲಿ ಅದನ್ನು ಯಾರೂ ಮುಚ್ಚಳ ತೆಗೆದು ನೋಡಿದವರಲ್ಲ.

ಮೊದಮೊದಲು ದಾಕ್ಷಾಯಿಣಿಗೆ ಮಾತ್ರೆಯಿಂದ ಬಾಯಿ ಒಣಗಿತು, ವಾಕರಿಕೆ ಬಂತು. ಇದೂ ಅದೇ ಕಥೆ ಎಂದುಕೊಂಡೆ. ಆಮೇಲೊಂದು ದಿನ ಗಿರಣಿಯಲ್ಲಿ ಮೆಣಸಿನಕಾಯಿ ಬೀಸುತ್ತಿದ್ದೆ, ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದು, “ನಿಮ್ಮ ಅಂಗಿ ಎಷ್ಟು ಗಲೀಜಾಗೈತೆ ನೋಡ್ರಿ, ಬಿಚ್ಚಿಕೊಡ್ರಿ” ಎಂದು ಬೈದಳು. ಎಷ್ಟು ಕಾಲದ ಮೇಲೆ ಬೈದಿದ್ದಳು! ಅಲ್ಲೇ ಗಿರಾಕಿಗಳ ಮುಂದೆ ಬಿಚ್ಚಿಕೊಟ್ಟೆ. ಕಣ್ಣಲ್ಲಿ ನೀರು ಬಂದದ್ದನ್ನು ಮೆಣಸಿನಕಾಯಿಯ ಮೇಲೆ ಹಾಕಿದೆ. ಆ ವಾರದಲ್ಲೇ ಒಂದು ಬೆಳಿಗ್ಗೆ ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ಬಟ್ಟಲನ್ನು ಓರೆ ಮಾಡಿದಳು. ಮೊಸರು ಅಲ್ಲಾಡಲಿಲ್ಲ.

ಔಷಧಿ ಪೂರ್ತಿ ಒಳ್ಳೆಯದೇ ಎಂದು ನಾನು ಹೇಳುವುದಿಲ್ಲ. ಅವಳ ಸೋದರಮಾವ ತೀರಿಕೊಂಡರು, ಅವಳನ್ನು ಎತ್ತಿ ಆಡಿಸಿದವರು. ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಆ ಕುಟುಂಬದ ಎಲ್ಲರ ಹಾಲೂ ಹಾಲಾಗಿಯೇ ಇದ್ದರೆ ಇವಳದು ಮಾತ್ರ ಗಟ್ಟಿ ಮೊಸರು. ನೆಂಟರು ಆ ಬಟ್ಟಲನ್ನೇ ದುರುಗುಟ್ಟಿ ನೋಡಿದರು. ಮನೆಗೆ ಬರುವ ದಾರಿಯಲ್ಲಿ ನನ್ನ ಹತ್ತಿರ ಹೇಳಿದಳು: “ಅಳು ಬರ್ಲಿಲ್ಲ ಕಣ್ರಿ. ಪಕ್ಕದ ಮನೇಲಿ ಯಾರೋ ಅತ್ತಂಗೆ ಕೇಳ್ತಿತ್ತು, ಅಷ್ಟೇ.” ಸ್ವಲ್ಪ ದೂರ ನಡೆದು, “ಆದ್ರೂ ಇದೇ ಸಾಕು. ಅಳದೇ ಇದ್ರೂ ಎದ್ದು ಓಡಾಡ್ತೀನಲ್ಲ” ಎಂದಳು. ಡಾಕ್ಟರಿಗೂ ಹಾಗೆಯೇ ಹೇಳಿದಳು. ಅವರು ತಲೆಯಾಡಿಸಿ ಬರೆದುಕೊಂಡರು.

ಒಂದು ದಿನ, “ಆ ಜಾಲರಿ ತೆಗೆಸ್ರಿ, ಕೊಡ ಇಳಿಸೋಕೆ ಆಗಲ್ಲ. ಹೊರಗಡೆ ನಲ್ಲೀಲಿ ಎಷ್ಟೂಂತ ನಿಲ್ಲೋದು?” ಎಂದಳು. ಕಮ್ಮಾರ ಬರುವವರೆಗೂ ಕಾಯಲಿಲ್ಲ. ನಾನೇ ಸುತ್ತಿಗೆ ಹಿಡಿದು ಕಿತ್ತು ಗಿರಣಿಯ ಹಿಂದೆ ಒಗೆದೆ.

ನಮ್ಮ ಮನೆಯಲ್ಲಷ್ಟೇ ಅಲ್ಲ, ಊರಿನಲ್ಲೆಲ್ಲ ಮೊಸರಾಯಿತು. ಕೊಟ್ರಮ್ಮನ ಬಟ್ಟಲು, ಮೇಲಿನ ಬೀದಿಯ ಬಟ್ಟಲುಗಳು, ಕೆರೆ ಕಡೆಯವು, ಒಂದಾದ ಮೇಲೊಂದು ಗಟ್ಟಿಯಾದವು. ಹೋಟೆಲಿನವನು ಮೊಸರು ವಡೆಯ ಪಕ್ಕದಲ್ಲಿ ಮಜ್ಜಿಗೆ ಹುಳಿಯನ್ನೂ ಬರೆದ. ಜನ ಗಿರಣಿಯಲ್ಲಿ ಡಾಕ್ಟರಮ್ಮನನ್ನು ಹೊಗಳಿ ಕಿರುಚಿದರು. ಡಾಕ್ಟರಮ್ಮನ ಮುಖ ಮಾತ್ರ ದಿನದಿನಕ್ಕೆ ಸಣ್ಣದಾಗುತ್ತ ಬಂತು. ನನಗೆ ಅದರ ಅರ್ಥ ಆಗಲಿಲ್ಲ.

ಶಾಲೆಯ ಹಾಲ್‌ನಲ್ಲಿ ಸಭೆ ಕರೆದ ದಿನ ಅರ್ಥವಾಯಿತು. ಮುಚ್ಚಿಟ್ಟಿದ್ದ ಗುರುತುಗಳನ್ನು ತೆರೆದು ನೋಡಿದ್ದರು. “ಎರಡು ಗುಂಪಿನಲ್ಲೂ ಮೊಸರು ಒಂದೇ ಥರ ಆಗಿದೆ” ಎಂದರು ಮಂದಾಕಿನಿಯವರು. ಊರು ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಲ್ಲುವವರೆಗೂ ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ಬಿಡಿಸಿ ಹೇಳಿದರು. ಸಪ್ಪೆ ಮಾತ್ರೆ ನುಂಗಿದವರಿಗೂ ಅಸಲಿ ನುಂಗಿದವರಿಗೂ ವ್ಯತ್ಯಾಸವೇ ಇಲ್ಲವೆಂದರೆ ಅಸಲಿಯಲ್ಲಿ ಏನೂ ಇಲ್ಲವೆಂದೇ ಅರ್ಥ. ಮೇಲಿನವರು ಈ ಔಷಧಿಯನ್ನು ಕೈಬಿಟ್ಟಿದ್ದಾರೆ. ಇನ್ನು ಮೇಲೆ ಇದನ್ನು ಯಾರೂ ತಯಾರಿಸುವುದಿಲ್ಲ. ಒಮ್ಮೆಲೇ ನಿಲ್ಲಿಸಬಾರದು, ಮೆಲ್ಲಗೆ ಕಡಿಮೆ ಮಾಡುತ್ತ ಬಿಡಬೇಕು, ಅದಕ್ಕೆ ಬೇಕಾದಷ್ಟು ಮಾತ್ರೆ ಕೊಟ್ಟು ಹೋಗುತ್ತೇವೆ. ನಾನು ಎದ್ದು ನಿಂತು, “ಏನೂ ಇಲ್ಲ ಅಂದ್ರೆ ನನ್ನ ಹೆಂಡ್ತಿ ಎದ್ದು ಕೂತಿದ್ದು ಹೆಂಗೆ?” ಎಂದು ಗಿರಣಿಯ ದನಿಯಲ್ಲೇ ಕೂಗಿದೆ. ಪಕ್ಕದಲ್ಲಿದ್ದ ದಾಕ್ಷಾಯಿಣಿ ನನ್ನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದಳು. ಅವಳ ಮುಖ ಬಿಳುಚಿಕೊಂಡಿತ್ತು.

ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. “ನಾನೇ ಕಣ್ರಿ” ಎಂದಳು.

“ಏನು ನೀನೇ?”

“ಕೊಟ್ರಮ್ಮಕ್ಕನ ಬಟ್ಟಲು. ನಾನು ಹುಷಾರಾದ ಮೇಲೆ ಒಂದಿನ ನೋಡಿದೆ, ಅಕ್ಕ ಇನ್ನೂ ಬಾಗಿಲ ಹಿಂದೆ ಮುಖ ಮುಚ್ಕೊಂಡು ನಿಂತಿದ್ಲು, ನರ್ಸು ಬಟ್ಟಲು ಓರೆ ಮಾಡಿದ್ರೆ ಬರೀ ಹಾಲು. ಆ ಹುಡುಗಿ ‘ಇವತ್ತೂ ಇಲ್ಲ’ ಅಂದ್ಲು. ಬೀದಿಗೆಲ್ಲ ಕೇಳಿಸ್ತು. ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಮಾರನೇ ದಿನದಿಂದ ಅಕ್ಕ ನಲ್ಲಿ ನೀರಿಗೆ ಹೋದಾಗ ಹಿಂಬಾಗಿಲಿಂದ ಹೋಗಿ, ಅವಳ ಬಟ್ಟಲು ಖಾಲಿ ಮಾಡಿ ನಮ್ಮನೆ ಮೊಸರು ಹಾಕಿ ಬರ್ತಿದ್ದೆ. ಕೆನೆ ಮುರೀದಂಗೆ, ನಿಧಾನಕ್ಕೆ.”

ಎಲ್ಲ ಬಟ್ಟಲುಗಳೂ ಕಣ್ಣ ಮುಂದೆ ಬಂದವು. ಮೇಲಿನ ಬೀದಿಯಲ್ಲೂ ಯಾರೋ ಒಬ್ಬರಿಗೆ ತಡೆದುಕೊಳ್ಳಲು ಆಗಿರಲಿಲ್ಲ. ಕೆರೆಯ ಕಡೆಯೂ ಆಗಿರಲಿಲ್ಲ. ಹೊಸಿಲಲ್ಲಿ ಇಡುವುದನ್ನೇ ಈ ಸಲ ಒಳಗೆ ಹೋಗಿ ಇಟ್ಟಿದ್ದರು, ಅಷ್ಟೇ. ಸಪ್ಪೆ ಮಾತ್ರೆಯವರ ಬಟ್ಟಲುಗಳನ್ನು ಊರೆಲ್ಲ ಸೇರಿ ತುಂಬಿತ್ತು.

“ಹೋಗಿ ಹೇಳೋಣ ನಡಿ” ಎಂದೆ.

“ಹೇಳಂಗಿಲ್ಲ” ಎಂದಳು.

“ನಿನ್ನ ಜೀವ ಕಣೇ ಅದು!”

“ಅವಳದ್ದೂ ಜೀವಾನೇ. ಅಕ್ಕನ ಹೆಸರು ಎತ್ತಬೇಡ್ರಿ. ನನ್ನಾಣೆ.”

ಅವಳ ಆಣೆಯ ಅರ್ಧವನ್ನು ಮಾತ್ರ ಉಳಿಸಿಕೊಂಡು ಡಾಕ್ಟರರ ಬಾಡಿಗೆ ಕೋಣೆಗೆ ಹೋದೆ. ಅವರು ಸ್ಟೀಲ್ ಬಟ್ಟಲುಗಳನ್ನು ಒಂದರೊಳಗೊಂದು ಸೇರಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಊರಿನ ನಡವಳಿಕೆಯನ್ನು ಹೇಳಿದೆ, ಹೆಸರು ಹೇಳಲಿಲ್ಲ. ಕೇಳುತ್ತ ಕೇಳುತ್ತ ಅವರು ಅಲ್ಲೇ ಪೆಟ್ಟಿಗೆಯ ಮೇಲೆ ಕೂತರು.

“ಯಾರ ಮನೆ?” ಎಂದರು.

“ಅದು ಹೇಳೋ ಮಾತಲ್ಲ ಮೇಡಂ.”

“ಹಾಗಾದರೆ ನಿಮ್ಮ ಬಟ್ಟಲಿಗೂ ಯಾರೋ ಮೊಸರು ತಂದು ಹಾಕಿರಬಹುದಲ್ವಾ?”

“ನಮ್ಮದು ನಮ್ಮದೇ” ಎಂದೆ.

“ಎಲ್ಲರೂ ಹಾಗೇ ಅಂತಾರೆ” ಎಂದರು. ಬೈಗುಳದ ದನಿಯಲ್ಲಿ ಅಲ್ಲ, ಸೋತ ದನಿಯಲ್ಲಿ. ಕೈಯಲ್ಲಿದ್ದ ಬಟ್ಟಲನ್ನು ಪಕ್ಕಕ್ಕಿಟ್ಟರು. “ನಿಮ್ಮ ಮನೆಯವರಿಗೆ ಸಿಕ್ಕಿದ್ದು ಅಸಲಿ. ಅವರಲ್ಲಿ ಅದು ಕೆಲಸ ಮಾಡಿರಬಹುದು ಅಂತ ನನಗೂ ಅನ್ನಿಸುತ್ತೆ. ನನಗೆ ಅನ್ನಿಸಿದ್ದನ್ನ ಮೇಲಿನವರು ಕೇಳಲ್ಲ. ‘ನಮ್ಮ ಬಟ್ಟಲಿಗೆ ಬೇರೆಯವರ ಮೊಸರು ಬಿತ್ತು’ ಅಂತ ಒಂದೇ ಒಂದು ಮನೆಯವರು ತಮ್ಮ ಬಾಯಲ್ಲಿ ಹೇಳಲಿ. ಮತ್ತೊಮ್ಮೆ ನೋಡೋಣ, ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ ಅಂತ ಜಗಳ ಆಡ್ತೀನಿ. ನಾಳೆ ಬಸ್ಸು ಬರೋವರೆಗೂ ಇಲ್ಲೇ ಇರ್ತೀನಿ.”

ಗಿರಣಿಗೆ ಬಂದವರನ್ನೆಲ್ಲ ಕೇಳಿದೆ. ಬೆಲ್ಟು ನಿಲ್ಲಿಸಿ, ತಗ್ಗಿದ ದನಿಯಲ್ಲಿ ಕೇಳಿದೆ. ಸೊಸೆಯ ಗುಟ್ಟನ್ನು ಬೀದಿಗೆ ಕೇಳುವಂತೆ ಕಿರುಚುವ ಹೆಂಗಸರು ಹಿಟ್ಟಿನ ಡಬ್ಬಿಯೊಳಗೆ ಕೈಯಾಡಿಸುತ್ತ ನಿಂತರು. “ನಮ್ಮನೇದು ನಮ್ಮದೇ ಅಣ್ಣ” ಎಂದರು. ಒಬ್ಬಳ ಕಣ್ಣು ತುಂಬಿತ್ತು. ಅವಳೂ ಅದನ್ನೇ ಹೇಳಿದಳು. ನಾನು ಅವರನ್ನು ಮನಸ್ಸಿನಲ್ಲಿ ಬಾಯಿಗೆ ಬಂದಂತೆ ಬೈದೆ. ಅವರ ಜಾಗದಲ್ಲಿದ್ದರೆ ನಾನೂ ಅಷ್ಟನ್ನೇ ಹೇಳುತ್ತಿದ್ದೆ.

ಉಳಿದದ್ದು ಕೊಟ್ರಮ್ಮ. ಬಸ್ಸು ಬರುವ ದಿನ ಬೆಳಿಗ್ಗೆ ದಾಕ್ಷಾಯಿಣಿಯ ಕಣ್ಣು ತಪ್ಪಿಸಿ ಬೀದಿ ದಾಟಿದೆ. ಹೇಳಬೇಕಾದದ್ದನ್ನು ರಾತ್ರಿಯಿಡೀ ಕಟ್ಟಿಕೊಂಡಿದ್ದೆ: ಅಕ್ಕ, ನಿನಗೆ ಸಿಕ್ಕಿದ್ದು ಸಪ್ಪೆ ಮಾತ್ರೆಯೇ ಇರಬೇಕು. ನಿನ್ನ ಬಟ್ಟಲಿಗೆ ಬಿದ್ದದ್ದು ನಮ್ಮನೆ ಮೊಸರು. ಬಂದು ಡಾಕ್ಟರಮ್ಮನ ಮುಂದೆ ಇಷ್ಟು ಹೇಳು, ನನ್ನ ಹೆಂಡತಿಯನ್ನು ಉಳಿಸು. ಕೊಟ್ರಮ್ಮ ನಡುಮನೆಯಲ್ಲಿ ಹತ್ತಿ ಹರಡಿಕೊಂಡು ದಿಂಬು ತುಂಬುತ್ತಿದ್ದಳು. ಬಾಯಲ್ಲಿ ಏನೋ ಗುನುಗು. ನಮ್ಮ ಬೀದಿಯಲ್ಲಿ ಅವಳ ಗುನುಗು ಕೇಳಿದ ನೆನಪೇ ನನಗಿರಲಿಲ್ಲ.

“ಬಾ ರುದ್ರೇಶಪ್ಪ, ಕೂತ್ಕೋ. ಏನು, ಇಷ್ಟು ಹೊತ್ತಿಗೇ?”

“ಅಕ್ಕ, ಆ ಮಾತ್ರೆ ವಿಷಯ…” ಎಂದೆ.

“ಅಯ್ಯೋ, ಅದೇನೋ ಏನೂ ಪ್ರಯೋಜನ ಇಲ್ಲ ಅಂತ ಹೇಳಿದ್ರಲ್ಲ ಆಯಮ್ಮ! ಹುಚ್ಚು. ನಂದು ನೋಡು.” ಕೈಯ ಹತ್ತಿ ಕೊಡವಿಕೊಂಡು ಒಳಗೆ ಹೋದಳು. ಬಟ್ಟಲು ತಂದಳು. ಡಾಕ್ಟರರದಲ್ಲ, ಅವರು ತಮ್ಮದನ್ನು ಆಗಲೇ ಒಯ್ದಿದ್ದರು. ಇದು ಅವಳದೇ ಹಿತ್ತಾಳೆಯ ಬಟ್ಟಲು, ಅಂಚು ನಗ್ಗಿದ್ದು. ಮುಚ್ಚಳ ತೆಗೆದಳು. ಮೊಸರು. ಚಮಚ ನೆಟ್ಟರೆ ನಿಲ್ಲುವಂಥದ್ದು.

“ನನ್ನ ಕೈಯಾರೆ ಹಾಕಿದ್ದು ಕಣಪ್ಪ. ನನ್ನ ತಂಗಿ ಹೋದ ಮೇಲೆ ನನ್ನ ಕೈಗೆ ಈ ಭಾಗ್ಯ ಇಲ್ಲ ಅಂದ್ಕೊಂಡಿದ್ದೆ. ಆ ಮಾತ್ರೆ ತಗೊಂಡು ಸ್ವಲ್ಪ ದಿನಕ್ಕೇ ಬಟ್ಟಲಲ್ಲಿ ಮೊಸರು ಕಾಣಿಸ್ತಲ್ಲ, ಆವತ್ತು ಗೋಡೆಗೆ ಒರಗಿ ಅತ್ತುಬಿಟ್ಟೆ. ಇನ್ನೂ ಬದುಕಿದ್ದೀನಲ್ಲ ಅನ್ನಿಸ್ತು. ಅಲ್ಲಿಂದ ಊಟ ಸೇರ್ತು, ನಿದ್ದೆ ಬಂತು. ನಂಗೆ ಅಸಲೀನೇ ಸಿಕ್ಕಿತ್ತು, ಬೇಕಾದ್ರೆ ಬರೆದುಕೊಡ್ತೀನಿ.” ನನ್ನ ಮುಖ ನೋಡಿದಳು. “ಅದಿರ್ಲಿ, ನೀನೇನೋ ಹೇಳೋಕೆ ಬಂದಿದ್ದೆ?”

ಆ ಮೊದಲ ಮೊಸರು ನಿನ್ನದಲ್ಲ ಎಂದು ಹೇಳಿಬಿಟ್ಟರೆ ನಾಳೆ ಬೆಳಿಗ್ಗೆ ಈ ಹಿತ್ತಾಳೆಯ ಬಟ್ಟಲಿನಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತಿತ್ತು. ಹೇಳದಿದ್ದರೆ ನನ್ನ ಮನೆಯ ಬಟ್ಟಲಿನಲ್ಲಿ ಏನಿರುತ್ತದೆ ಎಂಬುದೂ ಗೊತ್ತಿತ್ತು. ಕೊಟ್ರಮ್ಮ ಒಂದು ಚಮಚ ಮೊಸರು ತೆಗೆದು ನನ್ನ ಅಂಗೈಗೆ ಹಾಕಿದಳು. ತಿಂದೆ. “ಚೆನ್ನಾಗೈತಕ್ಕ. ಒಂದು ದಿಂಬು ಬೇಕಿತ್ತು, ಅದಕ್ಕೇ ಬಂದೆ” ಎಂದೆ. ಬೀದಿಗೆ ಬಂದಾಗ ಬಸ್ಸಿನ ಹಾರನ್ ಕೇಳಿಸಿತು. ನಾನು ಆ ಕಡೆ ಹೋಗಲಿಲ್ಲ.

ಮನೆಯೊಳಗೆ ದಾಕ್ಷಾಯಿಣಿ ಕಿಟಕಿಯ ಹತ್ತಿರ ನಿಂತಿದ್ದಳು. ನಾನು ಎಲ್ಲಿಂದ ಬಂದೆನೆಂದು ನೋಡಿದ್ದಳು. “ಹೇಳಿದ್ರಾ?” ಎಂದಳು. ಇಲ್ಲವೆಂದು ತಲೆಯಾಡಿಸಿದೆ. ಅವಳು ನನ್ನ ಅಂಗೈಗೆ ಅಂಟಿದ್ದ ಮೊಸರನ್ನು ಸೆರಗಿನಿಂದ ಒರೆಸಿದಳು.

ಮಾತ್ರೆ ಅರ್ಧವಾಯಿತು, ಕಾಲಾಯಿತು, ಮುಗಿಯಿತು. ತಲೆಯಲ್ಲಿ ಜುಂ ಎನ್ನುತ್ತದೆ, ನಡೆಯುವಾಗ ನೆಲ ಒಂದಿಷ್ಟು ಹಿಂದೆ ಉಳಿಯುತ್ತದೆ ಎನ್ನುತ್ತಿದ್ದಳು. ಅದು ನಿಂತ ಮೇಲೆ ಹಳೆಯದು ಬಂತು. ಮೊದಲು ಬೈಗುಳ ಹೋಯಿತು. ನನ್ನ ಅಂಗಿ ಎಷ್ಟು ಗಲೀಜಾದರೂ ಕೇಳುವವರಿಲ್ಲ. ಆಮೇಲೆ ಸ್ನಾನದ ನೀರು ತಣ್ಣಗಾಗತೊಡಗಿತು. ಪೇಟೆಯ ಡಾಕ್ಟರು ಬರೆದುಕೊಟ್ಟದ್ದನ್ನು ಮತ್ತೆ ನುಂಗಿಸುತ್ತಿದ್ದೇನೆ, ಅದು ಹಳೆಯ ಮಾತ್ರೆಯೇ. ಹೊಸದು ಬಂದರೆ ತಿಳಿಸುತ್ತೇನೆ ಎಂದು ಮಂದಾಕಿನಿಯವರು ಹೇಳಿ ಹೋಗಿದ್ದರು. ಹೇಳಿದಂತೆ ನಡೆಯುವವರೇ ಅವರು, ಆದರೆ ಅವರ ಕೈಯಲ್ಲಿ ಏನಿದೆ? ಒಂದು ಬೆಳಿಗ್ಗೆ ಹೊಸಿಲ ಪಕ್ಕದಲ್ಲಿ ಅಂಚು ನಗ್ಗಿದ ಹಿತ್ತಾಳೆಯ ಬಟ್ಟಲು ಬಂದು ಕೂತಿತ್ತು. ಕೊಟ್ರಮ್ಮ ಬೀದಿಯ ಆಚೆ ತನ್ನ ಕಟ್ಟೆಯ ಮೇಲೆ ಕೂತು, ಈ ಕಡೆ ನೋಡದೆ, ಹತ್ತಿ ಬಿಡಿಸುತ್ತಿದ್ದಳು.

ದಾಕ್ಷಾಯಿಣಿ ಈಗಲೂ ದಿನಾ ಹೆಪ್ಪು ಹಾಕುತ್ತಾಳೆ. ಅದೊಂದನ್ನು ಬಿಟ್ಟಿಲ್ಲ. ಈಚೆಗೆ ನನ್ನ ಕೈಯ ಹಾಲೂ ಹೆಪ್ಪಾಗುತ್ತಿಲ್ಲ, ಅದನ್ನು ಅವಳಿಗೆ ಹೇಳಿಲ್ಲ. ಅವಳು ಏಳುವುದರೊಳಗೆ ಅವಳ ಬಟ್ಟಲಿನ ಹಾಲನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿ, ಹೊಸಿಲಿಗೆ ಬಂದ ಮೊಸರನ್ನು ಅದರಲ್ಲಿ ಹಾಕಿಡುತ್ತೇನೆ. ಕೆನೆ ಮುರಿಯದಂತೆ, ನಿಧಾನಕ್ಕೆ. ಮೊದಲ ದಿನ ಅವಳು ಮುಚ್ಚಳ ತೆಗೆದು ತುಂಬ ಹೊತ್ತು ನೋಡಿದಳು. ಬೆರಳಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಬೇರೆಯವರ ಬಟ್ಟಲಿಗೆ ಮೊಸರು ಹಾಕಿ ಬಂದವಳಿಗೆ ಇದು ಗೊತ್ತಾಗದೆ ಇರುತ್ತದೆಯೇ?

“ಇವತ್ತು ಆಗೈತೆ ಕಣ್ರಿ” ಎಂದಳು.

“ಹೌದಾ? ಒಳ್ಳೇದಾಯ್ತು” ಎಂದೆ.

ದಿನಾ ಹಾಗೆಯೇ ಹೇಳುತ್ತಾಳೆ. ದಿನಾ ಹಾಗೆಯೇ ಹೇಳುತ್ತೇನೆ. ಊಟ ಅವಳಿಗೆ ಸೇರುವುದಿಲ್ಲ, ಆದರೂ ನನ್ನ ಎದುರು ಕೂತು ಮೊಸರನ್ನ ಒಂದು ತುತ್ತು ತಿನ್ನುತ್ತಾಳೆ. ಆಮೇಲೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ.

ಹೋದ ವಾರ ಗಿರಣಿಯ ಹಿಂದೆ ಬಿದ್ದಿದ್ದ ಜಾಲರಿಯ ತುಕ್ಕು ಉಜ್ಜಿ ಮತ್ತೆ ಬಾವಿಯ ಮೇಲೆ ಎಳೆದೆ. ಮೊಳೆ ಹೊಡೆಯುವ ಸದ್ದಿಗೆ ದಾಕ್ಷಾಯಿಣಿ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ಸುತ್ತಿಗೆ ಹಿಡಿದು ಹಾಗೆಯೇ ಕೂತೆ. ಅವಳು ಮೆಲ್ಲಗೆ ಬಂದು, ಜಾಲರಿಯ ಒಂದು ಮೂಲೆ ಎದ್ದಿದ್ದನ್ನು ನೋಡಿ, ಅದನ್ನು ಕಾಲಿನಿಂದ ಒತ್ತಿ ಹಿಡಿದಳು.

“ಈ ಕಡೆಗೂ ಒಂದು ಮೊಳೆ ಹೊಡೀರಿ” ಎಂದಳು. “ಬೆಕ್ಕು ಬರ್ತಾ ಐತೆ ಕಣ್ರಿ. ಈ ಸಲ ನಾನು ಹೇಳಿದ್ರೂ ತೆಗೀಬೇಡ್ರಿ.”